ಬರ್ಲಿನ್‌ಗೆ ಜರ್ಮನ್ ಕಲಿಯೋಕೆ ಹೊರಟಿದ್ದೀರಾ? ರೂಮಿನ ದುಡ್ಡು ಕಟ್ಟೋ ಮುಂಚೆ ಓದಿ

ಏಜೆಂಟ್ ಒಬ್ಬರ ಮೂಲಕ ನಾನು ಬರ್ಲಿನ್‌ನ ಒಂದು ಖಾಸಗಿ ಭಾಷಾ ಶಾಲೆಗೆ ಸೇರಿದೆ. ಕೋರ್ಸು, ರೂಮು ಎರಡೂ ಸೇರಿ ಒಂದೇ ಪ್ಯಾಕೇಜು, ಪೂರ್ತಿ ಹಣ ಮುಂಗಡ. ಪಾಠದ ಕಥೆ ಆಮೇಲೆ ಹೇಳ್ತೀನಿ. ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಆ ರೂಮು.

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: ಆನ್‌ಮೆಲ್ಡುಂಗ್ (ಅಂದರೆ ಈ ವಿಳಾಸ ನೋಂದಣಿ) ಆಯ್ತಾ? ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ಹಾಳೆ ಬೇಕು. ಕಾನೂನಿನ ಪ್ರಕಾರ ಅದನ್ನು ಅವರು ಕೊಡಲೇಬೇಕು. ನಮ್ಮದು ಬರ್ಲಿನ್‌ನ ವೆಡ್ಡಿಂಗ್ ಅನ್ನೋ ಬಡಾವಣೆ ಕಡೆಯ ಫ್ಲಾಟು. ಶಾಲೆಯವರು ಯಾರಿಂದಲೋ ಬಾಡಿಗೆಗೆ ಹಿಡಿದು ನಮ್ಮನ್ನು ಅಲ್ಲಿ ತುಂಬಿಸಿದ್ದರು. ನಾವು ಅಲ್ಲಿರೋದು ಅಸಲಿ ಮಾಲೀಕರಿಗೆ ಗೊತ್ತೇ ಇರಲಿಲ್ಲ. ಹಾಳೆ ಕೇಳಿದಾಗಲೆಲ್ಲ "ಮುಂದಿನ ವಾರ".

ಬರ್ಲಿನ್‌ನಲ್ಲಿ ಫ್ಲಾಟ್ ನಂಬರ್ ಬರೆಯೋ ರೂಢಿ ಕಮ್ಮಿ. ಪೋಸ್ಟ್‌ಮ್ಯಾನ್ ಟಪಾಲು ಹಾಕೋದು ಡಬ್ಬಿ ಮೇಲಿನ ಹೆಸರು ನೋಡಿ. ನಾನು ಚೀಟಿಯಲ್ಲಿ ಹೆಸರು ಬರೆದು ಸೆಲ್ಲೋಟೇಪ್ ಹಚ್ಚಿ ಅಂಟಿಸಿದೆ. ಸಂಜೆ ಕ್ಲಾಸು ಮುಗಿಸಿ ಬಂದರೆ ಚೀಟಿ ಇಲ್ಲ, ಟೇಪಿನ ಅಂಟು ಮಾತ್ರ ಉಳಿದಿದೆ. ಮತ್ತೆ ಅಂಟಿಸಿದೆ, ಮತ್ತೆ ಕಿತ್ತರು. ಇನ್ಶೂರೆನ್ಸ್‌ನವರ ಕಾಗದ ವಾಪಸ್ ಹೋಯ್ತು.

ನೋಂದಣಿ ಇಲ್ಲದಿದ್ದರೆ ಮುಂದಿನ ಯಾವ ಕೆಲಸವೂ ಹಳಿಗೆ ಬರಲ್ಲ. ಭಾಷಾ ಕೋರ್ಸಿನ ವೀಸಾದವರೂ 2024ರ ಮಾರ್ಚ್‌ನಿಂದ ವಾರಕ್ಕೆ 20 ಗಂಟೆ ದುಡಿಯಬಹುದು ಅಂತ ಏಜೆಂಟ್ ಹೇಳಿದ್ದು ಸುಳ್ಳಲ್ಲ. ಆದರೆ ಟ್ಯಾಕ್ಸ್ ನಂಬರ್ ಬರೋದು ನೋಂದಾಯಿಸಿದ ವಿಳಾಸಕ್ಕೆ. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ತಾರೆ. ವೀಸಾ ಮುಂದುವರಿಸೋಕೆ ಹೋದರೂ ಮೊದಲು ಕೇಳೋ ಕಾಗದಗಳಲ್ಲಿ ನೋಂದಣಿಯದೂ ಒಂದು.

ಇನ್ನು ಪಾಠ. "ವಾರಕ್ಕೆ 20 ಗಂಟೆ" ಅಂತ ಜಾಹೀರಾತು. ಅಲ್ಲಿ ಪಾಠದ ಒಂದು ಗಂಟೆ ಅಂದರೆ 45 ನಿಮಿಷ, ಹಾಗಾಗಿ ಗಡಿಯಾರದ ಲೆಕ್ಕದಲ್ಲಿ 15. ಇದು ಜರ್ಮನಿಯಲ್ಲಿ ಸಾಮಾನ್ಯವಾಗಿ ಇರೋ ಪದ್ಧತಿ, ಮೋಸ ಅನ್ನಲ್ಲ. ಸಿಟ್ಟು ಬಂದಿದ್ದು ಬೇರೆಯದಕ್ಕೆ. ಸೋಮವಾರ ಬಂದರೆ ಹೊಸಬರು ಸೇರೋರು, ಅವರಿಗೋಸ್ಕರ ಡೇಟಿವ್ (ಜರ್ಮನ್ ವ್ಯಾಕರಣದ ಒಂದು ವಿಭಕ್ತಿ) ಮತ್ತೆ ಮೊದಲಿಂದ. ಮೇಷ್ಟ್ರುಗಳೂ ಬದಲಾಗ್ತಾ ಇದ್ದರು. ಬ್ರೇಕಿನಲ್ಲಿ ಬ್ರೆಜಿಲ್, ಟರ್ಕಿ, ವಿಯೆಟ್ನಾಂನವರೆಲ್ಲ ಇಂಗ್ಲಿಷಲ್ಲೇ ಹರಟೆ. ಹೊರಗೆ ಕಲೀತೀನಿ ಅಂದುಕೊಂಡರೆ ಅದೂ ಇಲ್ಲ. ಬರ್ಲಿನ್ ಹೋಟೆಲುಗಳಲ್ಲಿ ಸಪ್ಲೈಯರ್‌ಗಳು ಬರೀ ಇಂಗ್ಲಿಷ್ ಮಾತಾಡ್ತಾರೆ ಅಂತ ರಾಜಕಾರಣಿ ಯೆನ್ಸ್ ಶ್ಪಾನ್ 2017ರಲ್ಲೇ ಗೊಣಗಿದ್ದರು. ಅವರ ರಾಜಕೀಯ ಅವರಿಗಿರಲಿ, ಬರ್ಲಿನ್‌ನ ನಾಯ್‌ಕೋಲ್ನ್ ಬಡಾವಣೆಯಲ್ಲಿ ಜರ್ಮನ್‌ನಲ್ಲಿ ಕಾಫಿ ಕೇಳಿ ನೋಡಿ, ಉತ್ತರ ಇಂಗ್ಲಿಷಲ್ಲೇ ಬರುತ್ತೆ.

ಕೊನೆಗೆ ಶಾಲೆಯವರು ಕೊಟ್ಟ ಸಿ1 (ಭಾಷೆಯ ಆರು ಹಂತಗಳಲ್ಲಿ ಐದನೆಯದು) ಸರ್ಟಿಫಿಕೇಟು ಅಡ್ಮಿಷನ್‌ಗೆ ನಡೆಯಲಿಲ್ಲ. ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕೇಳೋದು ಟೆಸ್ಟ್‌ಡಾಫ್ ಅನ್ನೋ ಜರ್ಮನ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 4ನೇ ಮಟ್ಟ, ಇಲ್ಲವೇ ಡಿಎಸ್‌ಎಚ್ ಅನ್ನೋ ಪರೀಕ್ಷೆಯಲ್ಲಿ 2ನೇ ಮಟ್ಟ, ಅಥವಾ ಅಂಥದ್ದೇ ಮಾನ್ಯತೆ ಇರೋ ಪರೀಕ್ಷೆ. ರಿಫಂಡ್ ಕೇಳಿದರೆ ಶಾಲೆಯವರು ಏಜೆಂಟ್ ಕಡೆ ಕೈ ತೋರಿಸ್ತಾರೆ, ಏಜೆಂಟ್ ಶಾಲೆ ಕಡೆ.

ನನ್ನ ಕೇಳಿದರೆ ಮೂರನೇ ಹಂತವಾದ ಬಿ1 ತನಕ ಇಲ್ಲೇ ಮುಗಿಸಿ. ಬೆಂಗಳೂರಲ್ಲಾದರೆ ಇಂದಿರಾನಗರದಲ್ಲಿ ಜರ್ಮನಿಯದೇ ಸಾಂಸ್ಕೃತಿಕ ಸಂಸ್ಥೆ ಗೋಥೆ ಇನ್‌ಸ್ಟಿಟ್ಯೂಟೇ ಇದೆ. ಬರ್ಲಿನ್‌ನ 12 ಜಿಲ್ಲೆಗಳಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಅನ್ನೋ ಸಾರ್ವಜನಿಕ ಶಾಲೆಗಳಿವೆ, ಫೀಸು ಖಾಸಗಿಯವರಿಗಿಂತ ಎಷ್ಟೋ ಕಡಿಮೆ. ವೀಸಾಗೆ ಬೇಕಾದಷ್ಟು ಗಂಟೆ ಆ ಕೋರ್ಸಿನಲ್ಲಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ರೂಮು ಕೊಡ್ತೀವಿ ಅನ್ನೋರಿಗೆ ಇಮೇಲ್‌ನಲ್ಲೇ ಕೇಳಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ, ಹಾಳೆಗೆ ಸಹಿ ಹಾಕೋರು ಯಾರು, ಅವರ ಹೆಸರೇನು? ಅಡ್ವಾನ್ಸ್ ಅಂತ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗಿಲ್ಲ, ಅದೂ ಕಾನೂನೇ. "ಬಂದ ಮೇಲೆ ನೋಡೋಣ" ಅನ್ನೋ ಉತ್ತರ ಬಂದರೆ ಬೇರೆ ಕಡೆ ಹುಡುಕಿ.