ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580: ಹಳೆಯ ಕಾರ್ಡಿನಲ್ಲಿ ಇನ್ನೂ ಎಷ್ಟು ಕಸುವಿದೆ?

ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಬಿಡುಗಡೆಯಾದದ್ದು 2017ರ ಏಪ್ರಿಲ್‌ನಲ್ಲಿ. ಅದರ 8 ಜಿಬಿ ಆವೃತ್ತಿಯನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು, ಎಂಟನೇ ತಲೆಮಾರಿನ ಐ5 ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮ್ ಇರುವ ಮನೆಯ ಕಂಪ್ಯೂಟರಿಗೆ ಹಾಕಿ ಬಳಸುತ್ತಿದ್ದೇನೆ. 1080ಪಿ ಮಾನಿಟರ್ ಇಟ್ಟುಕೊಂಡು, ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸಿನಿಂದ ಇಷ್ಟು ದಿನ ಕಾಲ ತಳ್ಳಿದವರಿಗೆ ಇದು ಈಗಲೂ ಕೊಳ್ಳಲು ಯೋಗ್ಯವಾದ ಕಾರ್ಡ್ ಎಂದು ನನ್ನ ಅಭಿಪ್ರಾಯ. ಆದರೆ ಕಾರ್ಡ್ ಅಸಲಿಯಾಗಿರಬೇಕು, ಅದಕ್ಕೆ ತಕ್ಕ ಪವರ್ ಸಪ್ಲೈ ನಿಮ್ಮಲ್ಲಿರಬೇಕು.

ಮೊದಲು ಆಟದ ಮಾತು. ಕೌಂಟರ್ ಸ್ಟ್ರೈಕ್ 2, ವ್ಯಾಲೊರಂಟ್, ಜಿಟಿಎ 5 ಇವುಗಳಿಗೆ ಈ ಕಾರ್ಡ್ ಧಾರಾಳವಾಗಿ ಸಾಕು. ರೆಡ್ ಡೆಡ್ ರಿಡೆಂಪ್ಶನ್ 2 ಆಟವನ್ನು ಮಧ್ಯಮ ಮಟ್ಟದ ಸೆಟ್ಟಿಂಗ್‌ನಲ್ಲಿ ಇಟ್ಟು, ಟೆಕ್ಸ್‌ಚರ್ ಒಂದನ್ನು ಮಾತ್ರ ಮೇಲಿನ ಮಟ್ಟಕ್ಕೆ ಏರಿಸಿದಾಗ, ಊರಿನ ಬೀದಿಗಳಲ್ಲಿ ಸೆಕೆಂಡಿಗೆ 45ರ ಆಸುಪಾಸಿನಲ್ಲೂ ಬಯಲಿನಲ್ಲಿ 55ರ ಮೇಲೂ ಫ್ರೇಮ್‌ಗಳು ಸಿಗುತ್ತವೆ. ಸೈಬರ್‌ಪಂಕ್ 2077 ಆಟದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಇದೇ 8 ಜಿಬಿ ಕಾರ್ಡಿನ ಹೆಸರಿದೆ. ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಎಂಡಿಯ ತಂತ್ರ) ಹಾಕಿಕೊಂಡರೆ ಆಡಬಹುದು, ಆದರೆ ದೂರದ ಕಟ್ಟಡಗಳ ಅಂಚು ಮಸುಕಾಗುವುದನ್ನು ಒಪ್ಪಿಕೊಳ್ಳಬೇಕು.

ಇಷ್ಟು ಹಳೆಯ ಕಾರ್ಡ್ ಇನ್ನೂ ಉಸಿರಾಡುತ್ತಿರುವುದಕ್ಕೆ ಮುಖ್ಯ ಕಾರಣ ಅದರ ಮೆಮೊರಿ. 256 ಬಿಟ್ ಅಗಲದ ಹಾದಿಯಲ್ಲಿ ಸೆಕೆಂಡಿಗೆ 256 ಜಿಬಿ ಸಾಗಿಸುವ 8 ಜಿಬಿ ಜಿಡಿಡಿಆರ್5 ಮೆಮೊರಿ ಇದರಲ್ಲಿದೆ. 2022ರ ಜನವರಿಯಲ್ಲಿ ಬಂದ, ಇದೇ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಸಿಕ್ಕಿದ್ದು 4 ಜಿಬಿ ಮೆಮೊರಿ ಮತ್ತು 64 ಬಿಟ್ ಹಾದಿ. ಅದಕ್ಕಿಂತ ಹೆಚ್ಚಾಗಿ, ಹೊಸ ಕಾರ್ಡ್ ಮದರ್‌ಬೋರ್ಡಿನ ಜೊತೆ ದತ್ತಾಂಶ ಸಾಗುವ ಬರೀ ನಾಲ್ಕು ಲೇನ್‌ಗಳಲ್ಲಿ ಮಾತಾಡುತ್ತದೆ. ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ಸಂಪರ್ಕದ 4.0 ಆವೃತ್ತಿ ಇರುವ ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. ನನ್ನದರಂಥ ಪಿಸಿಐಇ 3.0 ಬೋರ್ಡಿನಲ್ಲಿ ಆ ವೇಗವೂ ಅರ್ಧಕ್ಕೆ ಇಳಿಯುವುದರಿಂದ, ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಪೂರ್ತಿ 16 ಲೇನ್ ಬಳಸುವ 580ಕ್ಕೆ ಈ ತಾಪತ್ರಯವಿಲ್ಲ. ಹೊಸದೆಂಬ ಒಂದೇ ಕಾರಣಕ್ಕೆ ಹಳೆಯ ಕಂಪ್ಯೂಟರಿಗೆ 6500 ಎಕ್ಸ್‌ಟಿ ಹಾಕಿಸಿಕೊಳ್ಳುವುದು ನನ್ನ ಮಟ್ಟಿಗೆ ಜಾಣತನವಲ್ಲ.

ಕೊಳ್ಳುವಾಗ ಎಚ್ಚರ ವಹಿಸಬೇಕಾದ ಮೊದಲ ಸಂಗತಿ, ಎಲ್ಲ 580ಗಳೂ ಒಂದೇ ಅಲ್ಲ ಎಂಬುದು. ಅಸಲಿ ಕಾರ್ಡಿನಲ್ಲಿ ಚಿತ್ರದ ಲೆಕ್ಕ ಮಾಡುವ 2304 ಶೇಡರ್‌ಗಳಿರುತ್ತವೆ. ಚೀನಾದ ಮಾರುಕಟ್ಟೆಗೆಂದು ಬಂದ ಇನ್ನೊಂದು ಆವೃತ್ತಿಯಲ್ಲಿ ಇರುವುದು 2048 ಮಾತ್ರ, ಅಂದರೆ ಹೆಸರು 580 ಆದರೂ ಒಳಗಿರುವುದು ಹೆಚ್ಚುಕಡಿಮೆ ಅದಕ್ಕಿಂತ ಕೆಳಗಿನ ದರ್ಜೆಯ 570. ಡಬ್ಬಿಯನ್ನಾಗಲಿ ಸ್ಟಿಕ್ಕರನ್ನಾಗಲಿ ನಂಬದೆ, ಅಂಗಡಿಯಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಸಿ ಈ ಅಂಕಿಯನ್ನು ಕಣ್ಣಾರೆ ನೋಡಿ. ಎರಡನೆಯದು ಮೈನಿಂಗ್, ಅಂದರೆ ಕಾರ್ಡನ್ನು ದುಡಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವ್ಯವಸ್ಥೆಯನ್ನು ಬದಲಿಸಿ ಮೈನಿಂಗನ್ನೇ ಕೈಬಿಟ್ಟ ಮೇಲೆ, ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಹಾಗೆ ದುಡಿದದ್ದೇ ದೋಷವಲ್ಲ. ಆದರೆ ಫ್ಯಾನಿನ ಬೇರಿಂಗ್ ಸವೆದಿರಬಹುದು, ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಬದಲಾಗಿರಬಹುದು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರೆ ಸವೆತ ತಿಳಿಯುತ್ತದೆ. ವಿಂಡೋಸ್ ತೆರೆದು ತೋರಿಸಿದರೆ ಸಾಲದು, ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ತಂತ್ರಾಂಶವನ್ನು ಕಾಲು ಗಂಟೆಯಾದರೂ, ಅಂದರೆ ಫರ್‌ಮಾರ್ಕ್ ಓಡಿಸಿ, ಪರದೆಯ ಮೇಲೆ ಚುಕ್ಕೆ, ಗೆರೆ ಏಳುತ್ತವೆಯೇ ಎಂದು ನೋಡಬೇಕು. ನಾನು ತಂದ ಕಾರ್ಡಿನ, ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಕೆರೆದು ಹೊಸದನ್ನು ಹಚ್ಚಿದ ಮೇಲೆ, ಆಡುವಾಗ 84 ಡಿಗ್ರಿ ಮುಟ್ಟುತ್ತಿದ್ದ ಬಿಸಿ 73ಕ್ಕೆ ಇಳಿಯಿತು.

ಇನ್ನು ವಿದ್ಯುತ್ತು. ಈ ಕಾರ್ಡಿನ ಅಧಿಕೃತ ಬಳಕೆಯೇ 185 ವ್ಯಾಟ್. ಇದರ ಸಮಕಾಲೀನ ಪ್ರತಿಸ್ಪರ್ಧಿ ಎನ್ವಿಡಿಯಾದ ಜಿಟಿಎಕ್ಸ್ 1060 ಬೇಡುವುದು 120 ವ್ಯಾಟ್, ಜಿಟಿಎಕ್ಸ್ 1650 ಬೇಡುವುದು 75 ಮಾತ್ರ. ದಿನಕ್ಕೆ ನಾಲ್ಕು ಗಂಟೆ ಆಡುವವರಿಗೆ 1650ಕ್ಕೆ ಹೋಲಿಸಿದರೆ ತಿಂಗಳಿಗೆ ಸುಮಾರು 13 ಯೂನಿಟ್ ಹೆಚ್ಚು ಬರುತ್ತದೆ. ಬಿಲ್ಲಿಗಿಂತ ದೊಡ್ಡ ಚಿಂತೆ ಪವರ್ ಸಪ್ಲೈನದು. ಕಂಪನಿಗಳು ವಿಲೇವಾರಿ ಮಾಡಿದ ಡೆಸ್ಕ್‌ಟಾಪ್‌ಗಳನ್ನು ಅಗ್ಗಕ್ಕೆ ತಂದು ಗೇಮಿಂಗ್‌ಗೆ ಸಜ್ಜು ಮಾಡುವವರು ಬಹಳ ಮಂದಿ. ಅಂಥ ಎಷ್ಟೋ ಯಂತ್ರಗಳಲ್ಲಿ ಇರುವುದು 250 ವ್ಯಾಟಿನ ಆಸುಪಾಸಿನ ಸಪ್ಲೈ, ಅದರಲ್ಲಿ 580ಕ್ಕೆ ಬೇಕಾದ 8 ಪಿನ್‌ನ ಕೇಬಲ್ ಇರುವುದೇ ಇಲ್ಲ. ಯಾವುದೋ ಅಡಾಪ್ಟರ್ ಸಿಕ್ಕಿಸಿ ಕೆಲಸ ಸಾಗಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ, ವೈರು ಕರಗಬಹುದು. ಅಂಥವರಿಗೆ ಪ್ರತ್ಯೇಕ ಪವರ್ ಕೇಬಲ್ ಬೇಡದ 1650 ಸರಿ. ಒಳ್ಳೆಯ ಕಂಪನಿಯ 500 ವ್ಯಾಟ್ ಸಪ್ಲೈ ಇದ್ದವರು ಮಾತ್ರ 580ರ ಕಡೆ ನೋಡಬೇಕು. ಎಎಂಡಿಯ ತಂತ್ರಾಂಶದಲ್ಲೇ ವೋಲ್ಟೇಜನ್ನು ಸ್ವಲ್ಪ ಇಳಿಸಿದರೆ ವೇಗ ಕಳೆದುಕೊಳ್ಳದೆ ಬಿಸಿ, ಸದ್ದು ಎರಡೂ ತಗ್ಗುತ್ತವೆ.

ಈ ಕಾರ್ಡ್ ದಾಟಲಾರದ ಗೋಡೆಯೂ ಇದೆ. ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇದರಲ್ಲಿ ಇಲ್ಲವೇ ಇಲ್ಲ. 2024ರ ಇಂಡಿಯಾನಾ ಜೋನ್ಸ್ ಆಂಡ್ ದಿ ಗ್ರೇಟ್ ಸರ್ಕಲ್, 2025ರ ಡೂಮ್: ದಿ ಡಾರ್ಕ್ ಏಜಸ್ ಆಟಗಳು ಆ ಹಾರ್ಡ್‌ವೇರನ್ನು ಕಡ್ಡಾಯವಾಗಿ ಕೇಳುವುದರಿಂದ, ಸೆಟ್ಟಿಂಗ್ ಎಷ್ಟು ತಗ್ಗಿಸಿದರೂ ಪ್ರಯೋಜನವಿಲ್ಲ. ಈ ತಲೆಮಾರಿನ ಕಾರ್ಡ್‌ಗಳ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಎಎಂಡಿ 2023ರ ಕೊನೆಯಲ್ಲೇ ಮುಖ್ಯ ಸಾಲಿನಿಂದ ಬೇರ್ಪಡಿಸಿದೆ. ಹಾಗಾಗಿ ನಾನು ಇದಕ್ಕೆ ಕಟ್ಟುವ ಬೆಲೆ, ಪರೀಕ್ಷಿಸಿ ತಂದ 2304 ಶೇಡರ್‌ಗಳ ಕಾರ್ಡಿಗೆ ಹೆಚ್ಚೆಂದರೆ ಆರು ಸಾವಿರ ರೂಪಾಯಿ. ಅಂಗಡಿಯವರು ಎಂಟು ಸಾವಿರಕ್ಕೆ ಪಟ್ಟು ಹಿಡಿದರೆ ಬಿಟ್ಟು ಬನ್ನಿ, ಇನ್ನಷ್ಟು ಹಣ ಕೂಡಿಸಿ, ರೇ ಟ್ರೇಸಿಂಗ್ ಇರುವ, 132 ವ್ಯಾಟಿನಲ್ಲೇ ನಡೆಯುವ ಆರ್‌ಎಕ್ಸ್ 6600 ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತದೆಯೇ ಎಂದು ವಿಚಾರಿಸಿ.