1956ರ ಲಂಡನ್ ಸಂಜೆ: ಬಿಬಿಸಿಯೋ, ಐಟಿವಿಯೋ?

ಹಳೆಯ ಬ್ರಿಟಿಷ್ ಟಿವಿಯ ಒಂದು ದಿನ ಹೇಗಿತ್ತು ಎಂದು ತಿಳಿಯುವ ಆಸೆ ಇದ್ದರೆ 1956ರ ಲಂಡನ್ನಿನಿಂದ ಶುರುಮಾಡಿ. ಆಗ ಇದ್ದದ್ದು ಎರಡೇ ಚಾನೆಲ್: ಬಿಬಿಸಿ ಮತ್ತು ಐಟಿವಿ. ಮೊದಲು ಯಾವುದನ್ನು ಆರಿಸಿಕೊಳ್ಳೋದು?

ಬಿಬಿಸಿ ಹಳೆಯದು. ಯುದ್ಧದ ಕಾಲದಲ್ಲಿ ನಿಂತುಹೋಗಿ, 1946ರ ಜೂನ್‌ನಲ್ಲಿ ಮತ್ತೆ ಶುರುವಾಗಿತ್ತು. ಜಾಹೀರಾತು ಇರಲಿಲ್ಲ, ಟಿವಿ ಇಟ್ಟುಕೊಳ್ಳಲು ಜನ ಕಟ್ಟುವ ಲೈಸೆನ್ಸ್ ಹಣದಲ್ಲೇ ನಡೆಯುತ್ತಿತ್ತು. ಪುಟ್ಟ ಮಕ್ಕಳಿಗೆ ಆಂಡಿ ಪ್ಯಾಂಡಿ ಎಂಬ ಸೂತ್ರದ ಗೊಂಬೆ. ರಾತ್ರಿ ನಾಟಕ, ಪನೋರಮಾದಂಥ ಗಂಭೀರ ಕಾರ್ಯಕ್ರಮ. ನನಗೆ ತುಂಬಾ ಹಿಡಿಸಿದ್ದು ಕಾರ್ಯಕ್ರಮಗಳ ನಡುವಿನ ಬಿಡುವು. ಕುಂಬಾರನ ಚಕ್ರದ ಮೇಲೆ ಮಣ್ಣು ತಿರುಗುತ್ತಲೇ ಇರುತ್ತಿತ್ತು, ಜನ ಸುಮ್ನೆ ನೋಡುತ್ತಾ ಕೂರಬಹುದಿತ್ತು. ಎಷ್ಟು ಚೆಂದದ ನಿಧಾನ ಅಲ್ವಾ?

ಜಾಹೀರಾತಿನ ಹಣದಲ್ಲಿ ನಡೆಯುವ ಐಟಿವಿ ಬಂದದ್ದು 1955ರ ಸೆಪ್ಟೆಂಬರ್ 22ರಂದು. ಮೊದಲ ಜಾಹೀರಾತು ಟೂತ್‌ಪೇಸ್ಟಿನದು. ಬಹುಮಾನದ ಆಟಗಳು, ಭಾನುವಾರ ರಾತ್ರಿ ಪಲೇಡಿಯಂ ರಂಗಮಂದಿರದಿಂದ ಹಾಡು, ಹಾಸ್ಯ. ಸಡಗರ ಜಾಸ್ತಿ. ಆದರೆ ಹಳೆಯ ಸೆಟ್ಟಿನಲ್ಲಿ ಹಾಗೇ ಬರುತ್ತಿರಲಿಲ್ಲ, ಹೊಸ ಸಿಗ್ನಲ್ ಹಿಡಿಯುವ ಕನ್ವರ್ಟರ್ ಎಂಬ ಸಾಧನ ಹಾಕಿಸಬೇಕಿತ್ತು.

ಒಂದು ವಿಷಯದಲ್ಲಿ ಎರಡೂ ಒಂದೇ. ಮಕ್ಕಳನ್ನು ಮಲಗಿಸಲೆಂದು ಸಂಜೆ 6ರಿಂದ 7ರವರೆಗೆ ಟಿವಿ ಬಂದ್! ಈ ನಿಯಮ ಹೋಗಿದ್ದು 1957ರ ಫೆಬ್ರವರಿಯಲ್ಲಿ.

ನನ್ನ ಆಯ್ಕೆ ಬಿಬಿಸಿ. ಒಂದು ದಿನದ ಲಯ ಅಲ್ಲೇ ಚೆನ್ನಾಗಿ ಸಿಗುತ್ತದೆ. ಟಿವಿ ಮನರಂಜನೆಯ ಕಡೆ ಹೇಗೆ ಹೊರಳಿತು ಎಂಬ ಕುತೂಹಲ ನಿಮ್ಮದಾದರೆ ಐಟಿವಿಯ ಒಂದು ಭಾನುವಾರ ಹಿಡಿಯಿರಿ.