ಡಬ್ಬಿ ಕಾಕ್‌ಟೇಲಾ, ಬಾರ್ ಕಾಕ್‌ಟೇಲಾ? ಒಂದು ತಿಂಗಳು ಕುಡಿದು ನೋಡಿದ್ದು

ಇಂದಿರಾನಗರದ ಒಂದು ಬಾರ್‌ನಲ್ಲಿ ಎರಡು ಕಾಕ್‌ಟೇಲ್‌ಗೆ 1,480 ರೂಪಾಯಿ ಕೊಟ್ಟು ಹೊರಗೆ ಬಂದೆವು. ನಾಲ್ಕು ಹೆಜ್ಜೆ ಆಚೆಗಿದ್ದ ಎಂಆರ್‌ಪಿ ಅಂಗಡಿಯ ಫ್ರಿಜ್‌ನಲ್ಲಿ ಅದೇ ಜಿನ್ ಆಂಡ್ ಟಾನಿಕ್ ಡಬ್ಬಿಯಲ್ಲಿ ಕೂತಿತ್ತು. ಬೆಲೆ 190. ಜೊತೆಗಿದ್ದ ಭಾವ ನಿಂತುಬಿಟ್ಟರು. "ಅಲ್ಲಯ್ಯಾ, ಅದರಲ್ಲೂ ಜಿನ್ನೇ, ಇದರಲ್ಲೂ ಜಿನ್ನೇ. ಮತ್ತೆ ನಾವು ಒಳಗೆ ದುಡ್ಡು ಕೊಟ್ಟಿದ್ದು ಯಾತಕ್ಕೆ?"

ಪ್ರಶ್ನೆ ಸರಿಯಾಗೇ ಇತ್ತು. ಹಾಗಾಗಿ ಒಂದು ತಿಂಗಳು ಈ ಕೆಲಸಕ್ಕೆ ಇಳಿದೆವು. ನಾಲ್ಕು ಕಾಕ್‌ಟೇಲ್ ಆರಿಸಿಕೊಂಡೆವು: ಜಿನ್ ಆಂಡ್ ಟಾನಿಕ್, ಮೊಹಿಟೊ (ರಮ್, ನಿಂಬೆ, ಪುದೀನ), ನೆಗ್ರೋನಿ, ಎಸ್ಪ್ರೆಸೊ ಮಾರ್ಟಿನಿ (ವೋಡ್ಕಾ, ಕಾಫಿ). ವಾರಕ್ಕೊಂದು. ಮೊದಲು ಬಾರ್‌ಗೆ ಹೋಗಿ ಒಂದೊಂದು ಗ್ಲಾಸ್, ಆಟೋದಲ್ಲಿ ಮನೆಗೆ ಬಂದು ಅದೇ ರಾತ್ರಿ ಡಬ್ಬಿಯದ್ದು. ನಾನು, ನನ್ನ ಹೆಂಡತಿ, ಭಾವ, ಮೂರೇ ಜನ ತೀರ್ಪುಗಾರರು. ತುಂಬಾ ವೈಜ್ಞಾನಿಕ ಅಂತೇನೂ ಹೇಳುವುದಿಲ್ಲ.

ಜಿನ್ ಆಂಡ್ ಟಾನಿಕ್‌ನಲ್ಲಿ ಡಬ್ಬಿಯೇ ಗೆಲ್ಲುತ್ತೆ ಅಂದುಕೊಂಡಿದ್ದೆ. ರುಚಿಯಲ್ಲಿ ಹೆಚ್ಚುಕಡಿಮೆ ಸಮ ಬಂತು. ಗ್ಯಾಸ್ ಚೆನ್ನಾಗಿತ್ತು, ಟಾನಿಕ್‌ನಲ್ಲಿರುವ ಕ್ವಿನೈನ್‌ನ ಕಹಿ ಸರಿಯಾಗಿತ್ತು, ಸಿಹಿ ಮಾತ್ರ ಸ್ವಲ್ಪ ಜಾಸ್ತಿ. ಗಜನಿಂಬೆಯ ಒಂದು ಹೋಳು ಹಾಕಿದ ಮೇಲೆ ಆ ದೂರೂ ಹೋಯಿತು. ಆದರೆ ಬೆಲೆಯ ಲೆಕ್ಕದಲ್ಲಿ ಒಂದು ಕಿತಾಪತಿ ಇದೆ. ಡಬ್ಬಿ 250 ಮಿಲಿ, ಆಲ್ಕೋಹಾಲ್ ಶೇ. 5. ಅಂದರೆ ಒಳಗಿರುವ ಆಲ್ಕೋಹಾಲ್ 12.5 ಮಿಲಿ. ನಮ್ಮಲ್ಲಿ ಸಿಗುವ ಜಿನ್ ಸಾಮಾನ್ಯವಾಗಿ ಶೇ. 42.8. ಅದರ 30 ಮಿಲಿಯಲ್ಲೂ ಸುಮಾರು ಇಷ್ಟೇ ಇರುತ್ತೆ. ಹಾಗಾದರೆ ಒಂದು ಡಬ್ಬಿ ಅಂದರೆ ಒಂದು ಸಣ್ಣ ಪೆಗ್, ಅಷ್ಟೇ. ಬಾರ್‌ನಲ್ಲಿ ನಮಗೆ ಸುರಿದದ್ದು 60 ಮಿಲಿ. ಒಂದು ಗ್ಲಾಸ್‌ಗೆ ಒಂದು ಡಬ್ಬಿ ಅಂತ ಹೋಲಿಸಿದರೆ ಮೋಸ ಹೋಗುತ್ತೇವೆ, ಎರಡು ಡಬ್ಬಿ ಇಟ್ಟು ಹೋಲಿಸಬೇಕು. ಆಗಲೂ 380 ರೂಪಾಯಿ, ಬಾರ್‌ಗಿಂತ ಅಗ್ಗವೇ. ಆದರೆ ಒಂದು ಬಾಟಲಿ ಜಿನ್, ನಾಲ್ಕು ಟಾನಿಕ್ ತಂದು ಮನೆಯಲ್ಲೇ ಬೆರೆಸಿದರೆ ಇದಕ್ಕಿಂತಲೂ ಅಗ್ಗ. ಈ ಪಾನೀಯಕ್ಕೆ ಬಾರೂ ಬೇಡ, ಡಬ್ಬಿಯೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗ್ಲಾಸ್‌ಗೆ ಸುರಿದು ಒಂದು ಸುತ್ತು ತಿರುಗಿಸುವುದಕ್ಕೆ ಯಾರ ಸಹಾಯ ಬೇಕು?

ಮೊಹಿಟೊ ವಾರದಲ್ಲಿ ಜಗಳವೇ ಆಗಲಿಲ್ಲ. ಬಾರ್‌ನ ಹುಡುಗ ಕಣ್ಣೆದುರೇ ನಿಂಬೆ ಹಿಂಡಿದ, ಪುದೀನ ಸೊಪ್ಪನ್ನು ಅಂಗೈಯಲ್ಲಿಟ್ಟು ಒಂದು ಏಟು ಕೊಟ್ಟು ಹಾಕಿದ. ಗ್ಲಾಸ್ ಮೂಗಿನ ಹತ್ತಿರ ಬರುವ ಮೊದಲೇ ವಾಸನೆ ಬಂತು. ಮನೆಗೆ ಬಂದು ಡಬ್ಬಿ ತೆರೆದೆವು. ನನ್ನ ಹೆಂಡತಿ ಒಂದು ಗುಟುಕು ಕುಡಿದು ಕೆಳಗಿಟ್ಟಳು. "ಏನ್ರೀ ಇದು, ಪೆಪ್ಪರ್‌ಮೆಂಟು ನೆನೆಹಾಕಿದ ಸೋಡಾ ಥರ ಇದೆ!"

ಇದರಲ್ಲಿ ತಯಾರಿಸಿದವರ ತಪ್ಪು ಅಂತ ಹೆಚ್ಚೇನಿಲ್ಲ, ನಿಂಬೆಯ ಸ್ವಭಾವವೇ ಹಾಗೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ತಾನೇ ನಿಂಬೆರಸ ಹಾಕುವುದು? ಬಿಸಿ ತಾಗಿದರೆ ಕಹಿ. ಸುಮ್ನೆ ಹಿಂಡಿಟ್ಟರೂ ಬೆಳಿಗ್ಗೆಯ ರಸ ಸಂಜೆಗೆ ಬೇರೆ ರುಚಿ. ಒಳ್ಳೆಯ ಬಾರ್‌ಗಳಲ್ಲಿ ನಿನ್ನೆಯ ರಸ ಬಳಸದಿರುವುದು ಇದೇ ಕಾರಣಕ್ಕೆ. ಡಬ್ಬಿ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕು. ಹಾಗಾಗಿ ರಸ ಹಾಕಿದರೂ ಬಿಸಿ ಮಾಡಿಯೋ, ಕೆಡದಂತೆ ಏನಾದರೂ ಸೇರಿಸಿಯೋ ತುಂಬುತ್ತಾರೆ. ಎಷ್ಟೋ ಕಡೆ ರಸದ ಬದಲು ನಿಂಬೆ ಉಪ್ಪು ಹಾಕಿ ಹುಳಿ ತರಿಸುತ್ತಾರೆ. ಹುಳಿ ಏನೋ ಬರುತ್ತೆ, ನಿಂಬೆ ಬರುವುದಿಲ್ಲ. ಪುದೀನದ್ದೂ ಅದೇ ಕತೆ, ಎಲೆಯ ಜಾಗದಲ್ಲಿ ಎಸೆನ್ಸ್.

ಹಾಗಂತ ಬಾರ್ ಎಂದರೆ ತಾಜಾ ಅಂತ ಕಣ್ಣು ಮುಚ್ಚಿ ನಂಬಬೇಡಿ. ಅದೇ ಮೊಹಿಟೊವನ್ನು ಶನಿವಾರ ರಾತ್ರಿ ಹತ್ತು ಗಂಟೆಗೆ ಇನ್ನೊಂದು ಬಾರ್‌ನಲ್ಲಿ ಕೇಳಿದೆ. ಮೂರು ಸಾಲು ಜನ, ಕಿವಿ ಒಡೆಯುವ ಹಾಡು. ಬಂದ ಗ್ಲಾಸ್‌ನಲ್ಲಿ ಬಾಟಲಿಯ ಸಿಹಿ ನಿಂಬೆ ಸಿರಪ್, ಮೇಲೆ ಕಪ್ಪಾದ ಎರಡು ಎಲೆ. 650 ರೂಪಾಯಿಗೆ ಡಬ್ಬಿಯನ್ನೇ ಕುಡಿದ ಹಾಗಾಯಿತು. ನಿಂಬೆ ಇರುವ ಕಾಕ್‌ಟೇಲ್ ಬೇಕಾದರೆ ಮಂಗಳವಾರ ಸಂಜೆ ಏಳಕ್ಕೆ ಹೋಗಿ.

ಈಗ ನೆಗ್ರೋನಿ. ನನ್ನ ಲೆಕ್ಕವೆಲ್ಲ ತಲೆಕೆಳಗಾದದ್ದು ಇಲ್ಲೇ.

ಜಿನ್, ಸಿಹಿ ವರ್ಮೂತ್ (ಗಿಡಮೂಲಿಕೆ ಸೇರಿಸಿದ ವೈನ್), ಕಂಪಾರಿ (ಕೆಂಪು ಬಣ್ಣದ ಕಹಿ ಮದ್ಯ), ಮೂರೂ ತಲಾ 30 ಮಿಲಿ. ಮಂಜುಗಡ್ಡೆಯ ಮೇಲೆ ತಿರುಗಿಸಿ, ಕಿತ್ತಳೆ ಸಿಪ್ಪೆ ಹಿಚುಕಿದರೆ ಮುಗಿಯಿತು. ಹಣ್ಣಿನ ರಸ ಇಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಮೊಹರು ಹಾಕಿಟ್ಟರೆ ಕೆಡುವಂಥದ್ದು ಏನಿದೆ ಹೇಳಿ? ಅಕ್ಕ ಲಂಡನ್‌ನಿಂದ ಬರುವಾಗ ಬೆರೆಸಿಟ್ಟ ನೆಗ್ರೋನಿಯ 18 ಪೌಂಡಿನ ಅರ್ಧ ಲೀಟರ್ ಬಾಟಲಿ ತಂದಿದ್ದಳು. ಐದು ಗ್ಲಾಸ್ ಆಗುತ್ತೆ, ಅಂದರೆ ಗ್ಲಾಸ್‌ಗೆ ಸುಮಾರು 400 ರೂಪಾಯಿ. ಫ್ರಿಜ್‌ನಿಂದ ತೆಗೆದು ಹಾಗೇ ಸುರಿದಾಗ ಕೆಮ್ಮಿನ ಸಿರಪ್ಪಿನಂತಿತ್ತು. ಆಮೇಲೆ ಲೇಬಲ್ ಓದಿದೆ (ಮೊದಲೇ ಓದಬೇಕಿತ್ತು), ಮಂಜುಗಡ್ಡೆಯ ಮೇಲೆ ಕೊಡಿ ಅಂತ ಬರೆದಿತ್ತು. ಮೂವತ್ತು ಸೆಕೆಂಡ್ ತಿರುಗಿಸಿದೆ. ಪೂರ್ತಿ ಬೇರೆಯೇ ಪಾನೀಯ.

ಮಂಜುಗಡ್ಡೆಯ ಕೆಲಸ ಬರೀ ತಣ್ಣಗೆ ಮಾಡುವುದಲ್ಲ. 90 ಮಿಲಿ ನೆಗ್ರೋನಿ ತಿರುಗಿಸುವಾಗ 20 ಮಿಲಿಯಷ್ಟು ನೀರು ಬೆರೆಯುತ್ತೆ. ಆ ನೀರು ಕಲಬೆರಕೆಯಲ್ಲ, ಪಾನೀಯದ್ದೇ ಭಾಗ. ಕೆಲವು ಬಾಟಲಿಗಳಲ್ಲಿ ಈ ನೀರನ್ನು ಮೊದಲೇ ಸೇರಿಸಿರುತ್ತಾರೆ, ಕೆಲವಲ್ಲಿ ಇಲ್ಲ. ಸೇರಿಸಿದ್ದನ್ನು ಮತ್ತೆ ಸಣ್ಣ ಚೂರು ಮಂಜುಗಡ್ಡೆಗೆ ಸುರಿದರೆ ನೀರುನೀರು. ಕಿತ್ತಳೆ ಇರಲಿಲ್ಲ, ಗೊಜ್ಜಿಗೆ ತಂದಿದ್ದ ಹೇರಳೆಕಾಯಿ ಇತ್ತು. ಅದರ ಸಿಪ್ಪೆ ಹಿಚುಕಿದೆ. ಕಿತ್ತಳೆಗಿಂತ ಅದೇ ವಾಸಿ ಅಂತ ಈಗಲೂ ಹೇಳುತ್ತೇನೆ.

ಬಾರ್‌ನ ನೆಗ್ರೋನಿ ಸೋತಿತು. ದೊಡ್ಡ ಪಾರದರ್ಶಕ ಐಸ್, ಚಂದದ ಗ್ಲಾಸ್, ಬೆಲೆ 780. ಆದರೆ ಹಿಂದೆಲ್ಲೋ ಹಳಸಿದ ವೈನಿನ ರುಚಿ. ಕೌಂಟರ್ ಹಿಂದೆ ನೋಡಿದರೆ ವರ್ಮೂತ್ ಬಾಟಲಿ ದೀಪದ ಕೆಳಗೆ ಶೆಲ್ಫ್ ಮೇಲಿತ್ತು, ಕಾಲು ಭಾಗ ಉಳಿದಿತ್ತು. ವರ್ಮೂತ್ ಎಂದರೆ ಮೂಲತಃ ವೈನ್. ತೆರೆದ ಮೇಲೆ ಫ್ರಿಜ್‌ನಲ್ಲಿರಬೇಕು, ಬೇಗ ಖಾಲಿಯಾಗಬೇಕು. ನೆಗ್ರೋನಿ ಕೇಳುವವರು ಕಡಿಮೆ ಇರುವ ಬಾರ್‌ನಲ್ಲಿ ಅದು ಎಷ್ಟು ದಿನದಿಂದ ತೆರೆದಿದೆಯೋ! ಅಕ್ಕ ತಂದದ್ದು ಮೊಹರು ಒಡೆಯುವ ತನಕ ಗಾಳಿ ಕಂಡಿರಲಿಲ್ಲ. ಭಾವನಿಗೆ ಕಂಪಾರಿಯ ಕಹಿಯೇ ಆಗದು. ಅವರೂ ಬಾಟಲಿಗೇ ಓಟು ಹಾಕಿದರು.

ಹೀಗೆ ಬೆರೆಸಿಟ್ಟು ಮಾರುವುದೇನು ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನ ಹ್ಯೂಬ್ಲೈನ್ ಕಂಪನಿ 1892ರಲ್ಲೇ ಬೆರೆಸಿದ ಕಾಕ್‌ಟೇಲನ್ನು ಬಾಟಲಿಯಲ್ಲಿ ಮಾರಲು ಶುರುಮಾಡಿತ್ತು. ಅದರಲ್ಲಿದ್ದದ್ದು ಮ್ಯಾನ್‌ಹ್ಯಾಟನ್, ಮಾರ್ಟಿನಿಯಂಥವು. ನಿಂಬೆ ಬೇಡದ, ತಿರುಗಿಸಿ ಕೊಡುವ ಜಾತಿ.

ಎಸ್ಪ್ರೆಸೊ ಮಾರ್ಟಿನಿ ಬಗ್ಗೆ ಎರಡೇ ಮಾತು. ಬಾರ್‌ನವನು ಬಿಸಿ ಎಸ್ಪ್ರೆಸೊ ಹಾಕಿ ಜೋರಾಗಿ ಕುಲುಕಿದಾಗ ಬಂದ ನೊರೆ ನಮ್ಮ ಡಬ್ಬಿಯಿಂದ ಬರಲಿಲ್ಲ. ಕಾಫಿಯೂ ತಂಗಳು. ಮನೆಯ ಡಿಕಾಕ್ಷನ್ ಹಾಕಿ ನಾನೇ ಕುಲುಕಿ ನೋಡಿದೆ. ಪರಿಮಳ ಬಂತು, ನೊರೆ ಮಾತ್ರ ಎರಡು ನಿಮಿಷವೂ ನಿಲ್ಲಲಿಲ್ಲ.

ಈಗ ಮನೆಗೆ ನಾಲ್ಕು ಜನ ಬರುತ್ತಾರೆಂದರೆ ನಾನು ನೆಗ್ರೋನಿಯನ್ನು ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ಬೆರೆಸಿ, ನೀರೂ ಅಳೆದು ಸೇರಿಸಿ ಫ್ರಿಜ್‌ನಲ್ಲಿಡುತ್ತೇನೆ. ಮೊಹಿಟೊ ಬೇಕೆಂದವರನ್ನು ವಾರದ ದಿನ ಬಾರ್‌ಗೆ ಕರೆದುಕೊಂಡು ಹೋಗುತ್ತೇನೆ. ಉಳಿದ ಎರಡು ಮೊಹಿಟೊ ಡಬ್ಬಿ ಫ್ರಿಜ್ ಬಾಗಿಲಲ್ಲೇ ಇವೆ. ಪ್ರತಿ ಸಲ ಬಂದಾಗಲೂ ಭಾವ ಅದನ್ನು ಪಕ್ಕಕ್ಕೆ ಸರಿಸಿ ಮಜ್ಜಿಗೆ ಪಾತ್ರೆ ತೆಗೆಯುತ್ತಾರೆ.